ಹೆಜ್ಜೆ ಕೂಡಿದರೆ ಬೆಳಕು, ಹೆಜ್ಜೆ ಕೂಡಿದರೆ ಕತ್ತಲು

ವಿದ್ಯುತ್ ಜಾಲ, ಇಂಟರ್‌ನೆಟ್, ಮಿದುಳು: ಮೂರು ಬೇರೆ ಲೋಕಗಳು. ಮೂರರಲ್ಲೂ ವಿಜ್ಞಾನಿಗಳು ಈಗ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಎಷ್ಟು ಹೊಂದಿಕೆ ಬೇಕು, ಎಷ್ಟಾದರೆ ಅತಿಯಾಯಿತು?

ಮಲಪ್ರಭೆಯ ದಂಡೆಗುಂಟ ಸವದತ್ತಿಯಿಂದ ರಾಮದುರ್ಗದವರೆಗೆ, ಇತ್ತ ಬೈಲಹೊಂಗಲದ ಕರಿನೆಲದ ತುಂಬ, ರಾತ್ರಿ ತ್ರೀ ಫೇಸ್ ಕರೆಂಟ್ ಬಂದದ್ದು ತಿಳಿಯಲು ಕಿವಿಯೊಂದಿದ್ದರೆ ಸಾಕು. ಹೊಲದ ಮೂಲೆಯ ತಗಡಿನ ಪೆಟ್ಟಿಗೆಯೊಳಗೆ ಆಟೋ ಸ್ಟಾರ್ಟರ್ ‘ಟಕ್’ ಎನ್ನುತ್ತದೆ. ಪಕ್ಕದ ಹೊಲದಲ್ಲೂ ಟಕ್, ಹಳ್ಳದ ಆಚೆಗೂ ಟಕ್. ಕಬ್ಬಿಗೆ ನೀರು ಬಿಡಲು ನಡುರಾತ್ರಿ ಎದ್ದು ಹೋಗುವ ತಾಪತ್ರಯ ತಪ್ಪಲಿ ಎಂದೇ ರೈತರು ಅದನ್ನು ಕೂಡಿಸಿಕೊಂಡಿರುತ್ತಾರೆ. ಆದರೆ ನಿಂತ ಮೋಟಾರು ತಿರುಗಲು ಶುರುಮಾಡುವಾಗ, ಓಡುವಾಗ ಎಳೆಯುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಒಂದು ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲಿನ ಹತ್ತು ಹನ್ನೆರಡು ಮೋಟಾರುಗಳು ಒಂದೇ ಗಳಿಗೆಯಲ್ಲಿ ಹೀಗೆ ಎಳೆದವೆಂದರೆ ವೋಲ್ಟೇಜ್ ಕುಸಿಯುತ್ತದೆ. ಕುಸಿದ ವೋಲ್ಟೇಜಿನಲ್ಲಿ ಯಾವ ಮೋಟಾರೂ ವೇಗ ಹಿಡಿಯುವುದಿಲ್ಲ, ಗುಂಯ್‌ಗುಡುತ್ತ ನಿಂತಲ್ಲೇ ಕಾಯುತ್ತವೆ. ಫ್ಯೂಸ್ ಹಾರುತ್ತದೆ, ವೈಂಡಿಂಗ್ ಕರಕಲಾಗುತ್ತದೆ. ಬೆಳಿಗ್ಗೆ ಅಗಸಿಕಟ್ಟೆಯ ಮೇಲೆ ಸುದ್ದಿ: “ನಮ್ಮ ಟಿಸಿ ಸುಟ್ಟೈತ್ರೀ.”

ಇಲ್ಲಿ ಮೋಟಾರು ಸರಿಯಿದೆ, ಸ್ಟಾರ್ಟರ್ ಸರಿಯಿದೆ, ತಂತಿಯೂ ಸರಿಯಿದೆ. ಒಂದೊಂದಾಗಿ ಚಾಲೂ ಮಾಡಿದ್ದರೆ ಅದೇ ಟಿಸಿ ಅಷ್ಟೂ ಮೋಟಾರುಗಳನ್ನು ಬೆಳತನಕ ಓಡಿಸುತ್ತಿತ್ತು. ಕೆಟ್ಟದ್ದು, ಎಲ್ಲವೂ ಒಂದೇ ಹೊತ್ತಿಗೆ ಎದ್ದದ್ದರಿಂದ.

ಇನ್ನೊಂದು ಮಗ್ಗುಲಿನಿಂದ ನೋಡಿ. ಆ ಮೋಟಾರುಗಳಿಗೆ ಕರೆಂಟ್ ಬರುವುದೇ ದೇಶದ ಅಷ್ಟೂ ದೊಡ್ಡ ಜನರೇಟರುಗಳು ಹಗಲಿರುಳು ಒಂದೇ ತಾಳಕ್ಕೆ ತಿರುಗುತ್ತಿರುವುದರಿಂದ. ಆ ತಾಳ ತಪ್ಪಿದರೆ ಬೆಂಗಳೂರಿಗೂ ಕತ್ತಲು, ಬೈಲಹೊಂಗಲಕ್ಕೂ ಕತ್ತಲು. ತಂತಿಯ ಮೇಲಿನ ಕೊನೆಯಲ್ಲಿ ಹೊಂದಿಕೆಯಿಲ್ಲದೆ ನಡೆಯದು, ಕೆಳಗಿನ ಕೊನೆಯಲ್ಲಿ ಹೊಂದಿಕೆಯಾದರೆ ಉಳಿಗಾಲವಿಲ್ಲ. ಭೌತವಿಜ್ಞಾನಿಗಳು, ಕಂಪ್ಯೂಟರ್ ಜಾಲದ ಎಂಜಿನಿಯರುಗಳು ಮತ್ತು ನರವಿಜ್ಞಾನಿಗಳು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಎರವಲು ಪಡೆದು ಬಿಡಿಸುತ್ತಿರುವುದು ಈ ಗಂಟನ್ನೇ.

ಒಂದು ತೊಲೆ, ಎರಡು ಗಡಿಯಾರ

ಕಥೆ ಶುರುವಾಗುವುದು 1665ರ ಫೆಬ್ರುವರಿಯಲ್ಲಿ. ಲೋಲಕದ ಗಡಿಯಾರ ಕಂಡುಹಿಡಿದ ಡಚ್ ವಿಜ್ಞಾನಿ ಕ್ರಿಶ್ಚಿಯನ್ ಹೈಗೆನ್ಸ್ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಎದುರಿಗೆ ಒಂದೇ ತೊಲೆಗೆ ತೂಗುಹಾಕಿದ್ದ ಎರಡು ಗಡಿಯಾರಗಳು. ಒಂದರ ಲೋಲಕ ಎಡಕ್ಕೆ ಹೋದಾಗ ಮತ್ತೊಂದರದು ಬಲಕ್ಕೆ, ಒಂದಿಷ್ಟೂ ತಪ್ಪದೆ. ಬೇಕೆಂದೇ ಕೆಡಿಸಿದರೂ ಅರ್ಧ ತಾಸಿನೊಳಗೆ ಮತ್ತೆ ಅದೇ ಜೋಡಿಯಾಟ. ಒಂದರ ಅಲುಗಾಟ ತೊಲೆಯ ಮೂಲಕ ಇನ್ನೊಂದಕ್ಕೆ ಸೂಕ್ಷ್ಮವಾಗಿ ದಾಟುತ್ತಿತ್ತು. ಯಾರೂ ಅಪ್ಪಣೆ ಕೊಡದೆ, ಮುಂದಾಳು ಎಂಬವನಿಲ್ಲದೆ, ಬರೀ ಸಣ್ಣ ತಾಕಲಾಟದಿಂದ ಹೊಂದಿಕೆ ಹುಟ್ಟುತ್ತದೆ ಎಂಬುದಕ್ಕೆ ಅದು ಮೊದಲ ದಾಖಲೆ.

ಗಡಿಯಾರ ಎರಡಲ್ಲ, ಎರಡು ಸಾವಿರ ಇದ್ದರೆ? ಒಂದೊಂದಕ್ಕೂ ಅದರದೇ ವೇಗವಿದ್ದರೆ? 1975ರಲ್ಲಿ ಜಪಾನಿನ ಭೌತವಿಜ್ಞಾನಿ ಯೋಶಿಕಿ ಕುರಮೋಟೊ ಇದಕ್ಕೊಂದು ಸರಳ ಸಮೀಕರಣ ಬರೆದರು. ಅದರಿಂದ ಹೊರಬಿದ್ದ ಸಂಗತಿ ಮಾತ್ರ ಸರಳವಲ್ಲ. ಸದಸ್ಯರ ನಡುವಿನ ನಂಟನ್ನು ಮೆಲ್ಲಗೆ ಬಿಗಿಗೊಳಿಸುತ್ತ ಹೋದರೆ ಬಹಳ ಹೊತ್ತು ಏನೂ ಆಗುವುದಿಲ್ಲ, ಎಲ್ಲರೂ ತಮ್ಮ ತಮ್ಮ ವೇಗದಲ್ಲೇ ಇರುತ್ತಾರೆ. ಒಂದು ಹೊಸ್ತಿಲು ದಾಟಿದ್ದೇ ತಡ, ಗುಂಪಿನ ಒಂದು ಭಾಗ ಒಮ್ಮೆಲೇ ಒಂದೇ ತಾಳಕ್ಕೆ ಬೀಳುತ್ತದೆ. ಆಮೇಲೆ ಉಳಿದವರನ್ನೂ ಎಳೆದುಕೊಳ್ಳುತ್ತದೆ. ನೀರು ಹೆಪ್ಪುಗಟ್ಟುವುದೂ ಇಂಥದೇ ಹೊಸ್ತಿಲಿನ ಆಟ.

ಈ ಹೊಸ್ತಿಲನ್ನು ನಾಟಕದ ಥಿಯೇಟರಿನಲ್ಲೂ ಅಳೆದಿದ್ದಾರೆ. ರೊಮೇನಿಯಾ, ಹಂಗೇರಿಯ ಸಭಾಂಗಣಗಳಲ್ಲಿ ಚಪ್ಪಾಳೆಯ ಸದ್ದನ್ನು ಧ್ವನಿಮುದ್ರಿಸಿಕೊಂಡು ಜೊಲ್ಟಾನ್ ನೇಡಾ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಪ್ರದರ್ಶನ ಮುಗಿದ ಕೂಡಲೇ ಚಪ್ಪಾಳೆ ಜೋರಾಗಿರುತ್ತದೆ, ಆದರೆ ಅಸ್ತವ್ಯಸ್ತ. ಕೆಲವು ಸೆಕೆಂಡುಗಳಲ್ಲಿ ಜನ ತಮಗರಿವಿಲ್ಲದೆ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತಾರೆ. ಆಗ ತಾಳ ಕೂಡುತ್ತದೆ. ಹುರುಪು ಹೆಚ್ಚಿ ವೇಗ ಏರಿತೋ, ತಾಳ ಮತ್ತೆ ಒಡೆಯುತ್ತದೆ. ವೇಗವಾಗಿ ತಟ್ಟುವಾಗ ಒಬ್ಬರಿಂದೊಬ್ಬರಿಗೆ ವ್ಯತ್ಯಾಸ ಹೆಚ್ಚು, ನಿಧಾನವಾದಾಗ ಕಡಿಮೆ. ವ್ಯತ್ಯಾಸ ಕಡಿಮೆಯಾದರೆ ಹೊಸ್ತಿಲೂ ತಗ್ಗುತ್ತದೆ. ಕುರಮೋಟೊ ಕಾಗದದ ಮೇಲೆ ಬರೆದದ್ದು ಅಂಗೈಯಲ್ಲಿ ಕೇಳಿಸಿತು.

ಐವತ್ತರ ತಾಳ

ರಾಯಚೂರಿನ ಶಕ್ತಿನಗರದಲ್ಲಿ ಉಗಿಯ ಟರ್ಬೈನು ನಿಮಿಷಕ್ಕೆ 3,000 ಸುತ್ತು ಹಾಕುತ್ತದೆ, ಅಂದರೆ ಸೆಕೆಂಡಿಗೆ 50. ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್ ಎಂಬುದು ಇದೇ ತಿರುಗಾಟದ ಪಡಿಯಚ್ಚು. ಜಲವಿದ್ಯುತ್ತಿನ ಯಂತ್ರಗಳು ಇನ್ನೂ ನಿಧಾನವಾಗಿ ತಿರುಗುತ್ತವೆ, ಆದರೆ ಅವುಗಳಲ್ಲಿ ಕಾಂತಧ್ರುವಗಳು ಹೆಚ್ಚು, ಹಾಗಾಗಿ ಹೊರಬರುವ ತಾಳ ಅದೇ ಐವತ್ತು. ರಾಮದುರ್ಗದ ಪವರ್‌ಲೂಮ್ ಮಗ್ಗದ ಮೋಟಾರಿನ ವೇಗಕ್ಕೂ ಇದೇ ಲೆಕ್ಕ. ಜಾಲದ ತಾಳ ಒಂದು ಗುಂಜಿ ಇಳಿದರೆ ಮಗ್ಗದ ಲಾಳಿಯೂ ಅಷ್ಟೇ ನಿಧಾನವಾಗುತ್ತದೆ.

ಒಂದು ಜನರೇಟರು ಕೊಂಚ ಹಿಂದೆ ಬಿದ್ದರೆ ಜೊತೆಗಿರುವವು ತಂತಿಯ ಮೂಲಕವೇ ಅದನ್ನು ಮುಂದಕ್ಕೆಳೆಯುತ್ತವೆ, ಮುಂದೋಡಿದರೆ ಹಿಂದಕ್ಕೆಳೆಯುತ್ತವೆ. ಭೌತವಿಜ್ಞಾನಿಗಳು ಈ ಎಳೆದಾಟದ ಸಮೀಕರಣ ಬರೆದು ನೋಡಿದಾಗ ಅದು ಕುರಮೋಟೊ ಸಮೀಕರಣದ ಸ್ವಂತ ಅಣ್ಣನೇ ಆಗಿತ್ತು, ಯಂತ್ರದ ತೂಕದ ಲೆಕ್ಕವೊಂದು ಅದರಲ್ಲಿ ಹೆಚ್ಚು. ಬಳಕೆ ಉತ್ಪಾದನೆಗಿಂತ ಹೆಚ್ಚಾದರೆ ತಾಳ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. 49.90ರಿಂದ 50.05 ಹರ್ಟ್ಸ್ ಒಳಗೆ ಅದನ್ನು ಹಿಡಿದಿಡಬೇಕೆಂಬುದು ಭಾರತದ ಗ್ರಿಡ್ ನಿಯಮ. ನೂರೈವತ್ತು ಕೋಟಿಯ ಆಸುಪಾಸಿನ ಜನರ ದೇಶ ಇಷ್ಟು ಇಕ್ಕಟ್ಟಿನ ದಾರಿಯಲ್ಲಿ ದಿನವಿಡೀ ನಡೆಯುತ್ತದೆ.

ಈ ನಡಿಗೆ ಮುಗ್ಗರಿಸಿದ್ದು 2012ರ ಜುಲೈನಲ್ಲಿ. 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ, ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ನಡುವಿನ 400 ಕಿಲೊವೋಲ್ಟ್ ಮಾರ್ಗ ಕಡಿದುಕೊಂಡಿತು. ಅದರ ಹೊರೆ ಬೇರೆ ಮಾರ್ಗಗಳ ಮೇಲೆ ಬಿತ್ತು, ಅವೂ ಒಂದರ ಹಿಂದೊಂದು ಕಡಿದುಕೊಂಡವು, ಉತ್ತರದ ಗ್ರಿಡ್ ಪೂರಾ ಕುಸಿಯಿತು. ಮರುದಿನ ಮಧ್ಯಾಹ್ನ ಮತ್ತೊಮ್ಮೆ, ಈ ಸಲ ಉತ್ತರದ ಜೊತೆಗೆ ಪೂರ್ವ, ಈಶಾನ್ಯ ಗ್ರಿಡ್‌ಗಳೂ ಬಿದ್ದವು. 60 ಕೋಟಿಗೂ ಹೆಚ್ಚು ಜನರಿಗೆ ಕತ್ತಲು. ಕರ್ನಾಟಕದಲ್ಲಿ ದೀಪ ಆರಲಿಲ್ಲ.

ನಾವು ಹೆಚ್ಚು ಜಾಣರೆಂದು ಆರಲಿಲ್ಲ ಎಂದೇನಲ್ಲ. ದಕ್ಷಿಣದ ಗ್ರಿಡ್ ಆಗ ತನ್ನದೇ ತಾಳದಲ್ಲಿತ್ತು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವಂಥ ಡಿ.ಸಿ. (ಏಕಮುಖ ವಿದ್ಯುತ್) ಮಾರ್ಗಗಳ ಮೂಲಕ ಹೊರಗಿನಿಂದ ವಿದ್ಯುತ್ ಬರುತ್ತಿತ್ತು, ಆದರೆ ಡಿ.ಸಿ.ಗೆ ತಾಳವೆಂಬುದೇ ಇಲ್ಲ. ವಿದ್ಯುತ್ ದಾಟಿತು, ಅಲ್ಲಿನ ತೂಗಾಟ ದಾಟಲಿಲ್ಲ. ಮುಂದೆ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಮಾರ್ಗ ಚಾಲೂ ಆಯಿತು, ದಕ್ಷಿಣದ ಗ್ರಿಡ್ ಉಳಿದ ಭಾರತದ ಜೊತೆ ಹೆಜ್ಜೆ ಕೂಡಿಸಿತು. ಅಂದಿನಿಂದ ದೇಶಕ್ಕೆಲ್ಲ ಒಂದೇ ತಾಳ. ಇಲ್ಲಿ ಕೊರತೆಯಾದರೆ ಅಲ್ಲಿಂದ ಧಾರಾಳವಾಗಿ ತರಿಸಬಹುದು. ಹಾಗೆಯೇ ಅಲ್ಲಿಯ ತೂಗಾಟವೂ ಇಲ್ಲಿಗೆ ಮುಟ್ಟುತ್ತದೆ. ಲಾಭ ಹಾನಿ ಎರಡೂ ಒಂದೇ ತಂತಿಯ ಮೇಲೆ ಬರುತ್ತವೆ.

ಗುಡ್ಡದ ಗಾಳಿಗೆ ತಾಳ ಕಲಿಸುವವರು

ಸವದತ್ತಿಯ ಗುಡ್ಡಸಾಲಿನ ಮೇಲೆ ಸಾಲಾಗಿ ನಿಂತ ವಿಂಡ್‌ಮಿಲ್‌ಗಳು ಈ ಲೆಕ್ಕಕ್ಕೆ ಹೊಸ ತೊಡಕು ತಂದಿವೆ. ಗಾಳಿ ಬೀಸಿದ ಹಾಗೆ ಅವುಗಳ ರೆಕ್ಕೆ, ಐವತ್ತರ ತಾಳಕ್ಕೆ ಅವು ನೇರವಾಗಿ ಕಟ್ಟುಬಿದ್ದಿಲ್ಲ. ಈಚಿನ ಗಾಳಿಯಂತ್ರಗಳಲ್ಲಿ ಇನ್ವರ್ಟರ್ ಎಂಬ ಎಲೆಕ್ಟ್ರಾನಿಕ್ ಉಪಕರಣ ನಡುವೆ ನಿಂತು ವಿದ್ಯುತ್ತನ್ನು 50 ಹರ್ಟ್ಸ್‌ಗೆ ಹದಮಾಡಿ ಜಾಲಕ್ಕೆ ಬಿಡುತ್ತದೆ. 2,050 ಮೆಗಾವಾಟ್‌ನ ಪಾವಗಡದ ಸೌರ ಪಾರ್ಕಿನಲ್ಲಂತೂ ತಿರುಗುವ ಭಾಗವೇ ಇಲ್ಲ, ಎಲ್ಲವೂ ಇನ್ವರ್ಟರ್.

ಅದರಿಂದೇನು? ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರಿನ ಎಂಜಿನ್ ಒಂದು ಕ್ಷಣ ಮಿಸುಕಿದರೂ ಗಾಡಿ ತಟ್ಟನೆ ನಿಲ್ಲುವುದಿಲ್ಲ, ಹೇರಿನ ತೂಕವೇ ಮುಂದಕ್ಕೆ ನೂಕುತ್ತದೆ. ನೂರಾರು ಟನ್ ತೂಕದ ಟರ್ಬೈನುಗಳು ಗ್ರಿಡ್‌ಗೆ ಕೊಡುವುದು ಇಂಥದೇ ಜಡತ್ವ. ಎಲ್ಲೋ ಒಂದು ಸ್ಥಾವರ ಏಕಾಏಕಿ ನಿಂತರೆ ತಾಳ ಕುಸಿಯಲು ಕೆಲವು ಸೆಕೆಂಡು ಹಿಡಿಯುತ್ತದೆ, ಆ ಸೆಕೆಂಡುಗಳಲ್ಲಿ ಉಳಿದವರು ಕೈಗೂಡಿಸುತ್ತಾರೆ. ತಿರುಗುವ ಭಾರದ ಜಾಗಕ್ಕೆ ಇನ್ವರ್ಟರ್‌ಗಳು ಬಂದಷ್ಟೂ ಆ ಬಿಡುವು ಕಿರಿದಾಗುತ್ತದೆ. ಇದುವರೆಗಿನ ಬಹುಪಾಲು ಇನ್ವರ್ಟರ್‌ಗಳು ಜಾಲದ ತಾಳವನ್ನು ಕೇಳಿಸಿಕೊಂಡು ಅದಕ್ಕೆ ಹೊಂದಿಕೊಳ್ಳುವಂಥವು. ಎಲ್ಲರೂ ಕೇಳುವವರೇ ಆದರೆ ತಾಳ ಹಾಕುವವರು ಯಾರು? ಆದ್ದರಿಂದಲೇ ತಾವೇ ತಾಳ ಹಾಕಬಲ್ಲ ಇನ್ವರ್ಟರ್‌ಗಳ ಮೇಲೆ ಈಗ ಜಗತ್ತಿನ ಪ್ರಯೋಗಾಲಯಗಳಲ್ಲಿ ಭರದ ಕೆಲಸ ನಡೆದಿದೆ. ನವಿಲುತೀರ್ಥದ ರೇಣುಕಾ ಸಾಗರವನ್ನು ಆಧರಿಸಿ ಸವದತ್ತಿ ತಾಲ್ಲೂಕಿನಲ್ಲಿ ರೂಪಿಸಿರುವ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೂ ಈ ಕಣ್ಣಿನಿಂದ ನೋಡಬೇಕು. ವಿದ್ಯುತ್ ಹೆಚ್ಚಾದಾಗ ನೀರನ್ನು ಮೇಲೆತ್ತಿ, ಬೇಕಾದಾಗ ಇಳಿಬಿಡುವ ಇಂಥ ಯೋಜನೆ ವಿದ್ಯುತ್ತನ್ನು ಕೂಡಿಡುವ ಕಣಜವಷ್ಟೇ ಅಲ್ಲ, ಅದರ ಭಾರಿ ಚಕ್ರಗಳು ಜಾಲಕ್ಕೆ ತೂಕವನ್ನೂ ಕೊಡುತ್ತವೆ.

ಇಲ್ಲಿಯೇ ಭೌತವಿಜ್ಞಾನ ಒಂದು ಅಚ್ಚರಿ ಹೇಳಿತು. ಎಲ್ಲ ಜನರೇಟರುಗಳೂ ಒಂದೇ ಅಚ್ಚಿನವಾದರೆ ತಾಳ ಗಟ್ಟಿಯಾಗುತ್ತದೆ ಎಂದೇ ಯಾರಾದರೂ ಊಹಿಸುತ್ತಾರೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಅಡಿಲ್ಸನ್ ಮೋಟರ್ ಮತ್ತು ಜೊತೆಗಾರರು ಉತ್ತರ ಅಮೆರಿಕ, ಯುರೋಪಿನ ಗ್ರಿಡ್‌ಗಳ ಮಾದರಿಗಳನ್ನಿಟ್ಟುಕೊಂಡು 2021ರಲ್ಲಿ ತೋರಿಸಿದ್ದು ಇದಕ್ಕೆ ತದ್ವಿರುದ್ಧ. ತೂಗಾಟವನ್ನು ತಗ್ಗಿಸುವ ಗುಣ ಒಂದೊಂದು ಜನರೇಟರಿನಲ್ಲಿ ಒಂದೊಂದು ಪ್ರಮಾಣದಲ್ಲಿದ್ದಾಗಲೇ ಜಾಲ ಹೆಚ್ಚು ಭದ್ರ. ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿದರೆ ಭದ್ರತೆ ಕುಗ್ಗುತ್ತದೆ. ಒಂದೇ ತಾಳಕ್ಕೆ ಕುಣಿಯಬೇಕಾದವರು ಒಂದೇ ಥರ ಇರಬಾರದು ಎಂದಾಯಿತು.

ಇಂಟರ್‌ನೆಟ್ಟಿಗೆ ಹೊಂದಿಕೆಯೇ ಹಗೆ

ಕಿತ್ತೂರು ಉತ್ಸವದ ರಾತ್ರಿ ಕೋಟೆಯ ಮುಂದೆ ಜನ ಕಿಕ್ಕಿರಿದಾಗ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಪೂರಾ ಕಾಣುತ್ತವೆ, ಫೋಟೊ ಮಾತ್ರ ಹೋಗುವುದಿಲ್ಲ. ಯಲ್ಲಮ್ಮನ ಗುಡ್ಡದ ಹುಣ್ಣಿಮೆ ಜಾತ್ರೆಯಲ್ಲೂ ಇದೇ ಪಾಡು. ಟವರಿನ ಜೊತೆ ಮಾತು ಶುರುಮಾಡಲು ಪ್ರತಿ ಫೋನೂ ಮೊದಲು ಒಂದು ಪುಟ್ಟ ಕೋರಿಕೆ ಕಳಿಸಬೇಕು. ಎರಡು ಫೋನುಗಳು ಒಂದೇ ಗಳಿಗೆಯಲ್ಲಿ ಒಂದೇ ಬಗೆಯ ಕೋರಿಕೆ ಕಳಿಸಿದರೆ ಎರಡೂ ಕೆಡುತ್ತವೆ. ಎರಡೂ ಮತ್ತೆ ಒಂದೇ ಹೊತ್ತಿಗೆ ಪ್ರಯತ್ನಿಸಿದರೆ ಮತ್ತೆ ಡಿಕ್ಕಿ. ಪರಿಹಾರ 1970ರ ದಶಕದ ಆರಂಭದ್ದು. ಹವಾಯಿ ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರುಗಳನ್ನು ಜೋಡಿಸಿದ ನಾರ್ಮನ್ ಅಬ್ರಾಮ್ಸನ್ ಅವರ ‘ಅಲೋಹಾ’ ಜಾಲದಲ್ಲಿ, ಡಿಕ್ಕಿಯಾದರೆ ಪ್ರತಿಯೊಬ್ಬರೂ ಮನಬಂದಷ್ಟು ಹೊತ್ತು ಕಾದು ಮತ್ತೆ ಕಳಿಸುತ್ತಿದ್ದರು. ಇಂದಿನ ಮೊಬೈಲ್, ವೈ-ಫೈ ಎರಡರಲ್ಲೂ ಅದರ ಮೊಮ್ಮಕ್ಕಳೇ ಕೆಲಸ ಮಾಡುತ್ತಿವೆ. ವೈ-ಫೈಯ ಈ ಕಾಯುವಾಟವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ ಮತ್ತು ಸಂಗಡಿಗರು 2005ರಲ್ಲಿ ಗಣಿತದಲ್ಲಿ ಹಿಡಿದಿಟ್ಟರು. ಎಷ್ಟು ಉಪಕರಣಗಳಿದ್ದರೆ ಎಷ್ಟು ಡಿಕ್ಕಿ, ಎಷ್ಟು ಕಾದರೆ ಎಷ್ಟು ವೇಗ ಎಂಬುದಕ್ಕೆ ಅದು ಲೆಕ್ಕ ಕೊಟ್ಟಿತು.

ಹೊಂದಿಕೆ ಇಂಟರ್‌ನೆಟ್ಟನ್ನು ಕಾಡಿದ ಅತ್ಯಂತ ಸೋಜಿಗದ ಪ್ರಕರಣ 1992ರದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಎಂಐಟಿಗೆ ಸೆಕೆಂಡಿಗೊಂದರಂತೆ ಸಂದೇಶ ಕಳಿಸಿ ನೋಡುತ್ತಿದ್ದ ಸ್ಯಾಲಿ ಫ್ಲಾಯ್ಡ್ ಮತ್ತು ವ್ಯಾನ್ ಜೇಕಬ್‌ಸನ್ ಅವರಿಗೆ, ಪ್ರತಿ 90 ಸೆಕೆಂಡಿಗೊಮ್ಮೆ ಸಂದೇಶಗಳು ಕಳೆದುಹೋಗುವುದು ಕಾಣಿಸಿತು. 90 ಸೆಕೆಂಡಿಗೊಮ್ಮೆ ಏನಾಗುತ್ತಿತ್ತು? ದಾರಿಯ ರೌಟರುಗಳು ‘ಯಾವ ಊರಿಗೆ ಯಾವ ದಾರಿ’ ಎಂಬ ಪಟ್ಟಿಯನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದವು. ಪ್ರತಿ ರೌಟರೂ ತನ್ನ ಗಡಿಯಾರದ ಪ್ರಕಾರ ತನ್ನಷ್ಟಕ್ಕೆ ಮಾಡುವ ಕೆಲಸವದು, ಒಟ್ಟಿಗೇ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಆದರೆ ಒಂದರ ಪಟ್ಟಿ ಬಂದಾಗ ಇನ್ನೊಂದು ಅದನ್ನು ಓದಿ ಮುಗಿಸುವತನಕ ತನ್ನ ಗಡಿಯಾರವನ್ನು ತಡೆಹಿಡಿಯುತ್ತಿತ್ತು. ಆ ಸಣ್ಣ ತಡೆಯೇ ಹೈಗೆನ್ಸ್‌ನ ತೊಲೆಯಾಯಿತು. ದಿನಗಳೆದಂತೆ ಎಲ್ಲ ರೌಟರುಗಳೂ ಒಂದೇ ಕ್ಷಣಕ್ಕೆ ಪಟ್ಟಿ ಕಳಿಸತೊಡಗಿದವು, ಆ ಹೊತ್ತಿಗೆ ಬಂದ ಜನರ ಸಂದೇಶಗಳಿಗೆ ದಿಕ್ಕಿಲ್ಲವಾಯಿತು. ಜಾಲಕ್ಕೆ ಒಂದೇ ಒಂದು ರೌಟರು ಹೆಚ್ಚಾಗಿ ಸೇರಿದರೆ ಚೆದುರಿದ್ದ ವ್ಯವಸ್ಥೆ ಒಮ್ಮೆಲೇ ಕೂಡಿಬಿಡಬಹುದು ಎಂಬುದನ್ನೂ ಅವರು ತೋರಿಸಿದರು. ಮತ್ತದೇ ಹೊಸ್ತಿಲು.

ಅವರು ಸೂಚಿಸಿದ ಮದ್ದು: ಪ್ರತಿ ರೌಟರೂ ತನ್ನ ಅವಧಿಯನ್ನು ಪ್ರತಿ ಸಲವೂ ಬೇಕೆಂದೇ ಏರುಪೇರು ಮಾಡಿಕೊಳ್ಳಲಿ. ಅದೂ ಚೂರುಪಾರು ಸಾಲದು, ಅರ್ಧ ಅವಧಿಯಷ್ಟು ಹಿಂದೆ ಮುಂದೆ ಆಗಬೇಕು. ಇಬ್ಬರೂ 1993ರಲ್ಲಿ ಇನ್ನೊಂದು ಉಪಾಯ ಕೊಟ್ಟರು. ರೌಟರಿನ ಸರದಿ ಪೂರ್ತಿ ತುಂಬಿದ ಮೇಲೆ ಎಲ್ಲರ ಸಂದೇಶವನ್ನೂ ಒಟ್ಟಿಗೆ ಚೆಲ್ಲಿದರೆ, ಕಳಿಸುವವರೆಲ್ಲರೂ ಒಟ್ಟಿಗೇ ವೇಗ ತಗ್ಗಿಸುತ್ತಾರೆ, ಆಮೇಲೆ ಒಟ್ಟಿಗೇ ಏರಿಸಿ ಮತ್ತೆ ತುಂಬಿಸುತ್ತಾರೆ. ಅದಕ್ಕೆ ಬದಲು, ಸರದಿ ತುಂಬುವ ಮೊದಲೇ ಅಲ್ಲೊಂದು ಇಲ್ಲೊಂದು ಸಂದೇಶವನ್ನು ಮನಬಂದಂತೆ ಕೈಬಿಟ್ಟರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತಗ್ಗುತ್ತಾರೆ, ಹರಿವು ಸಮವಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಲಕ್ಷಾಂತರ ಮಕ್ಕಳು ಒಟ್ಟಿಗೆ ಗುಂಡಿ ಒತ್ತಿದಾಗ ಜಾಲತಾಣ ಮಲಗುವುದಕ್ಕೂ, ಜಾಣ ಆ್ಯಪ್‌ಗಳು ಮರುಪ್ರಯತ್ನಕ್ಕೆ ಮುನ್ನ ಪ್ರತಿ ಫೋನಿನಲ್ಲೂ ಬೇರೆ ಬೇರೆ ಹೊತ್ತು ಕಾಯುವುದಕ್ಕೂ ಹಿನ್ನೆಲೆ ಇದೇ. ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಹಾಕುವ ಸಣ್ಣ ಟೈಮರ್ ಕೂಡ ಇದೇ ಜಾಣತನ. ಒಬ್ಬರು ಅರ್ಧ ನಿಮಿಷ, ಇನ್ನೊಬ್ಬರು ಎರಡು ನಿಮಿಷ, ಮತ್ತೊಬ್ಬರು ಮೂರು ನಿಮಿಷಕ್ಕೆ ಇಟ್ಟುಕೊಂಡರೆ ಟಿಸಿ ಬದುಕುತ್ತದೆ. ಎಲ್ಲರೂ ಒಂದೇ ನಿಮಿಷಕ್ಕೆ ಇಟ್ಟರೆ ಟೈಮರ್ ಹಾಕಿಯೂ ಫಲವಿಲ್ಲ.

ಬಿಡಿ ಬಿಡಿಯಾಗಿ ಕಾಣುವ ಈ ಕ್ಷೇತ್ರಗಳನ್ನು ಒಂದೇ ಪುಟಕ್ಕೆ ತಂದದ್ದು 1998ರ ಒಂದು ಪ್ರಬಂಧ. ಜೀರುಂಡೆಗಳು ಒಂದೇ ತಾಳಕ್ಕೆ ಚಿರ್‌ಗುಡುವುದು ಹೇಗೆಂದು ಕೆದಕುತ್ತಿದ್ದ ಡಂಕನ್ ವಾಟ್ಸ್ ಮತ್ತು ಅವರ ಗುರು ಸ್ಟೀವನ್ ಸ್ಟ್ರೋಗಟ್ಜ್, ಯಾರ ಸದ್ದು ಯಾರಿಗೆ ಕೇಳಿಸುತ್ತದೆ ಎಂಬ ಜೋಡಣೆಯ ಪ್ರಶ್ನೆಗೆ ಬಂದು ನಿಂತರು. ಸಿನಿಮಾ ನಟರ ಒಡನಾಟ, ಪಶ್ಚಿಮ ಅಮೆರಿಕದ ವಿದ್ಯುತ್ ಗ್ರಿಡ್, 302 ನರಕೋಶಗಳ ಪುಟ್ಟ ಹುಳುವೊಂದರ ನರಜಾಲ, ಮೂರನ್ನೂ ಅಳೆದಾಗ ಒಂದೇ ವಿನ್ಯಾಸ ಕಂಡಿತು. ಹೆಚ್ಚಿನ ಕೊಂಡಿಗಳು ನೆರೆಹೊರೆಗೆ, ಕೆಲವೇ ಕೆಲವು ದೂರಕ್ಕೆ. ಆ ಕೆಲವು ದೂರದ ಕೊಂಡಿಗಳೇ ಇಡೀ ಜಾಲವನ್ನು ಹತ್ತಿರ ತರುತ್ತವೆ. ಆಮೇಲಿನ ಹಾದಿ ದೊಡ್ಡದು. 2024ರ ಅಕ್ಟೋಬರ್‌ನಲ್ಲಿ ಹಣ್ಣುನೊಣದ ಮಿದುಳಿನ 1,39,255 ನರಕೋಶಗಳ ಸಂಪೂರ್ಣ ನಕ್ಷೆಯೇ ಹೊರಬಂತು.

ಮಿದುಳಿನ ಹದ

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ತಲೆಯ ಮೇಲಿನಿಂದಲೇ ಮಿದುಳಿನ ವಿದ್ಯುತ್ತನ್ನು ದಾಖಲಿಸಿದಾಗ ಕಂಡದ್ದು ಲಯಬದ್ಧ ಅಲೆಗಳು. ಈ ಬಗೆಯ ದಾಖಲೆಯೇ ಇಇಜಿ. ಒಂದು ನರಕೋಶದ ಸದ್ದು ತಲೆಬುರುಡೆಯ ಆಚೆಗೆ ಕೇಳಿಸದು. ಲಕ್ಷಾಂತರ ಕೋಶಗಳು ಕೂಡಿ ಮಿಡಿದಾಗಷ್ಟೇ ಇಇಜಿ ಕಾಗದದ ಮೇಲೆ ಗೆರೆ ಏಳುತ್ತದೆ. ಅಂದರೆ ಇಇಜಿ ತೋರಿಸುವುದೇ ಹೊಂದಿಕೆಯನ್ನು.

ಈ ಹೊಂದಿಕೆ ಹದ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಹಳ್ಳಿಗಳೂ ಬಲ್ಲವು. ಮೂರ್ಛೆ ಬಂದು ಬಿದ್ದವರ ಕೈಗೆ ಕಬ್ಬಿಣದ ಕೀಲಿ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಇಂದಿಗೂ ನಡೆಯುತ್ತದೆ. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮೀಣ ಭಾಗದ ಒಂದು ಲಕ್ಷಕ್ಕೂ ಹೆಚ್ಚು ಜನರ ನಡುವೆ ನಡೆಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಗರದಲ್ಲಿ ಸಾವಿರಕ್ಕೆ 5.7 ಮಂದಿಗೆ ಈ ರೋಗವಿದ್ದರೆ ಹಳ್ಳಿಯಲ್ಲಿ 11.9 ಮಂದಿಗೆ ಇತ್ತು. ಕರ್ನಾಟಕದ್ದೇ ಎನ್ನಬಹುದಾದ ಒಂದು ಬಗೆಯೂ ಇದರಲ್ಲುಂಟು. ಹಂಡೆಯ ಬಿಸಿನೀರನ್ನು ತಂಬಿಗೆಯಿಂದ ನೆತ್ತಿಯ ಮೇಲೆ ಸುರಿದುಕೊಳ್ಳುವಾಗಲೇ ಬರುವ ಮೂರ್ಛೆ. ಬೆಂಗಳೂರಿನ ಹಿರಿಯ ನರರೋಗ ತಜ್ಞ ಡಾ. ಕೆ.ಎಸ್. ಮಣಿ 1960–70ರ ದಶಕಗಳಲ್ಲಿ ಇದನ್ನು ಜಗತ್ತಿನ ವೈದ್ಯರ ಗಮನಕ್ಕೆ ತಂದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ನೀರಿನ ಬಿಸಿ, ನೆತ್ತಿಯ ಮೇಲೆ ಬೀಳುವ ಧಾರೆ, ಒಳಗಿನ ಒಲವು, ಮೂರೂ ಕೂಡಿದಾಗ ಮಿದುಳು ಹೊಸ್ತಿಲು ದಾಟುತ್ತದೆ. ಅನೇಕರಿಗೆ ನೀರಿನ ಬಿಸಿ ತಗ್ಗಿಸುವುದೇ ಮೊದಲ ಮದ್ದು.

ಮೂರ್ಛೆ ಎಂದರೆ ನರಕೋಶಗಳ ಅತಿಯಾದ ಹೊಂದಿಕೆ ಎಂಬುದು ಪಠ್ಯಪುಸ್ತಕದ ಮಾತು. ಈಚಿನ ಎರಡು ದಶಕಗಳ ಸಂಶೋಧನೆ ಅದಕ್ಕೆ ತಿದ್ದುಪಡಿ ತಂದಿದೆ. ಮೂರ್ಛೆ ಶುರುವಾಗುವಾಗ ಅನೇಕ ಸಲ ಹೊಂದಿಕೆ ಇಳಿಯುತ್ತದೆ. ಕೊನೆಗೊಳ್ಳುವ ಹೊತ್ತಿಗೆ ಏರುತ್ತದೆ. ಎಲ್ಲ ಕೋಶಗಳೂ ಒಟ್ಟಿಗೇ ಮಿಡಿದು ಒಟ್ಟಿಗೇ ದಣಿಯುವುದರಿಂದಲೇ ಅದು ನಿಲ್ಲುತ್ತಿರಬಹುದು ಎಂಬ ವಾದವೂ ಇದೆ. ರೋಗಕ್ಕೂ ಅದರ ಬಿಡುಗಡೆಗೂ ಹೊಂದಿಕೆಯೇ ಕಾರಣವಾಗಬಹುದೆಂದ ಮೇಲೆ, ಹೊಂದಿಕೆಯನ್ನು ಅಳಿಸಿಹಾಕುವುದು ಚಿಕಿತ್ಸೆಯ ಗುರಿಯಾಗಲಾರದು.

ಕಡಿಮೆಯಾದರೂ ಕೇಡೇ. ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ಪ್ರಯೋಗಾಲಯದಲ್ಲಿ, ತಲೆಗೆ ಇಇಜಿ ಟೊಪ್ಪಿಗೆ ತೊಟ್ಟು ಕೂತ ಹಿರಿಯರಿಗೆ ಪರದೆಯ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳನ್ನು ತೋರಿಸುತ್ತಾರೆ. ಆ ಪಟ್ಟೆಗಳನ್ನು ಕಂಡೊಡನೆ ಮಿದುಳಿನ ಹಿಂಭಾಗದಲ್ಲಿ ‘ಗಾಮಾ’ ಎಂಬ ಲಯ ಏಳುತ್ತದೆ, ಸೆಕೆಂಡಿಗೆ ಸುಮಾರು 20ರಿಂದ 70 ಮಿಡಿತ. ವಯಸ್ಸು ಏರಿದಂತೆ ಈ ಲಯ ಸೊರಗುತ್ತದೆ ಎಂದು ಈ ತಂಡ 2020ರಲ್ಲಿ ವರದಿ ಮಾಡಿತು. ಮರುವರ್ಷ, ಮರೆವಿನ ಮೊದಲ ಹಂತದಲ್ಲಿರುವವರಲ್ಲಿ ಮತ್ತು ಆಲ್ಝೈಮರ್ಸ್ ಶುರುವಾದವರಲ್ಲಿ ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಇದು ಇನ್ನೂ ದುರ್ಬಲ ಎಂದು ‘ಇಲೈಫ್’ ಪತ್ರಿಕೆಯಲ್ಲಿ ತೋರಿಸಿತು. ರೋಗಿಗಳ ಸಂಖ್ಯೆ ಚಿಕ್ಕದಾದ್ದರಿಂದ ಇದನ್ನು ಸಿದ್ಧ ಪರೀಕ್ಷೆ ಎನ್ನಲಾಗದು. ಆದರೆ ಇಇಜಿ ಯಂತ್ರ ಅಗ್ಗದ್ದು, ಎಂಆರ್‌ಐ ಹಾಗೆ ದೊಡ್ಡ ಊರು ಕೇಳುವುದಿಲ್ಲ. ತಾಲ್ಲೂಕು ಆಸ್ಪತ್ರೆಯವರೆಗೂ ಬರಬಲ್ಲ ಪರೀಕ್ಷೆಯ ಸುಳಿವು ಇದರಲ್ಲಿದೆ.

ಪಾರ್ಕಿನ್ಸನ್ಸ್ ರೋಗದ್ದು ಇನ್ನೊಂದು ತುದಿ. ಮಿದುಳಿನ ಆಳದ ಒಂದು ಪುಟ್ಟ ಕೇಂದ್ರದಲ್ಲಿ ಸೆಕೆಂಡಿಗೆ 13ರಿಂದ 30 ಮಿಡಿತದ ‘ಬೀಟಾ’ ಲಯ ಅಗತ್ಯಕ್ಕಿಂತ ಬಿಗಿಯಾಗಿಬಿಡುತ್ತದೆ. ಕೈಕಾಲು ಸೆಟೆಯುತ್ತವೆ, ಹೆಜ್ಜೆ ಕೀಳಲಾಗುವುದಿಲ್ಲ. ಫ್ರಾನ್ಸಿನ ಅಲಿಂ ಲೂಯಿ ಬೆನಾಬಿದ್ 1987ರಲ್ಲಿ ರೂಪಕ್ಕೆ ತಂದ ಚಿಕಿತ್ಸೆಯಲ್ಲಿ, ಆಳಕ್ಕೆ ತೂರಿಸಿದ ತಂತಿಯ ಮೂಲಕ ಬಿಡುವಿಲ್ಲದೆ ವಿದ್ಯುತ್ ಮಿಡಿತ ಕೊಡುತ್ತಾರೆ. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆಯಿತ್ತ ಹೊಸ ಬಗೆ, ರೋಗಿಯ ಮಿದುಳಿನ ಲಯವನ್ನು ಆಲಿಸುತ್ತ ಅದಕ್ಕೆ ತಕ್ಕಂತೆ ಮಿಡಿತವನ್ನು ಏರಿಳಿಸುತ್ತದೆ. ವೈದ್ಯಕೀಯವನ್ನೂ ಭೌತವಿಜ್ಞಾನವನ್ನೂ ಕಲಿತ ಪೀಟರ್ ಟಾಸ್ ಹಿಡಿದ ದಾರಿ ನಮ್ಮ ರೌಟರುಗಳನ್ನು ನೆನಪಿಸುವಂಥದು. ಒಂದೇ ಕಡೆ ಜೋರಾಗಿ ಕೊಡುವ ಬದಲು ಬೇರೆ ಬೇರೆ ಬಿಂದುಗಳಲ್ಲಿ ಬೇರೆ ಬೇರೆ ಹೊತ್ತಿಗೆ ಸಣ್ಣ ಮಿಡಿತ ಕೊಟ್ಟು, ಕೂಡಿಕೊಂಡ ಕೋಶಗಳನ್ನು ಬಿಡಿಸುವುದು. ಬೆರಳುಗಳಿಗೆ ಕಂಪನ ಕೊಡುವ ಕೈಗವಸಿನ ರೂಪದಲ್ಲೂ ಅವರ ತಂಡ ಕೆಲವೇ ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿದೆ. ದೊಡ್ಡ ಪ್ರಯೋಗಗಳ ಒರೆಗೆ ಅದು ಇನ್ನೂ ನಿಲ್ಲಬೇಕು.

ಅಳತೆಯ ಮಾತು

ಮೂರೂ ಕಡೆ ಸುತ್ತಿ ಬಂದರೆ ಒಂದು ಮಾತು ನಿಚ್ಚಳವಾಗುತ್ತದೆ. ಹೊಂದಿಕೆಯನ್ನು ಗುಣವೆಂದೋ ದೋಷವೆಂದೋ ಹಣೆಪಟ್ಟಿ ಹಚ್ಚುವಂತಿಲ್ಲ, ಅದನ್ನು ಅಳೆಯಬೇಕು. ತಾಳ ಹಾಕುವ ಜನರೇಟರು ಕೂಡಿರಬೇಕು, ಆದರೆ ಒಂದೇ ಅಚ್ಚಿನದಾಗಬಾರದು. ಹಂಚಿ ಉಣ್ಣುವ ದಾರಿಯಲ್ಲಿ, ಅದು ಟಿಸಿಯಾಗಲಿ ಟವರಾಗಲಿ, ಬಿಡಿಬಿಡಿಯಾಗಿ ಬರಬೇಕು. ಮಿದುಳಂತೂ ಕೂಡುತ್ತ ಬಿಡುತ್ತ ಇರುವುದರಲ್ಲೇ ಆರೋಗ್ಯ ಕಾಣುತ್ತದೆ.

ಇದು ಪ್ರಯೋಗಾಲಯದೊಳಗೇ ಉಳಿಯುವ ಜ್ಞಾನವಲ್ಲ. ನಮ್ಮ ಭಾಗದಲ್ಲಿ ಗುಡ್ಡಕ್ಕೆ ಗಾಳಿಯಂತ್ರ ಬಂದವು, ಹೊಲಕ್ಕೆ ಸೌರಫಲಕ ಬರುತ್ತಿವೆ, ಪ್ರತಿ ಕೈಯಲ್ಲೂ ಫೋನಿದೆ. ಅವುಗಳನ್ನು ಎಷ್ಟು ಮೆಗಾವಾಟ್, ಎಷ್ಟು ಟವರ್ ಎಂದು ಎಣಿಸುವುದು ನಮಗೆ ರೂಢಿ. ಇನ್ನು ಮುಂದೆ ಜನಪ್ರತಿನಿಧಿಗಳಿಗೂ ಎಂಜಿನಿಯರುಗಳಿಗೂ ಕೇಳಬೇಕಾದ ಪ್ರಶ್ನೆ ಬೇರೆ: ಈ ಯಂತ್ರಗಳಲ್ಲಿ ತಾಳ ಹಿಡಿಯುವವು ಎಷ್ಟು, ಬರೀ ಕೇಳುವವು ಎಷ್ಟು? ಆರೋಗ್ಯದಲ್ಲೂ ಹಾಗೆಯೇ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್‌ನ ಉದ್ದೇಶವೇ ಮೂರ್ಛೆ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳ ಆರೈಕೆಯನ್ನು ಊರ ಹತ್ತಿರ ತರುವುದು. ಮೂರ್ಛೆ ರೋಗಿಗಳಲ್ಲಿ ಮೂರರಲ್ಲಿ ಇಬ್ಬರಿಗೆ ಸರಿಯಾದ ಮಾತ್ರೆಯಿಂದಲೇ ಅದು ಹತೋಟಿಗೆ ಬರುತ್ತದೆ. ಆ ಮಾತ್ರೆ ತಪ್ಪದೆ ಸಿಗುವುದು ಬೇರೆಲ್ಲ ಸಂಶೋಧನೆಗಿಂತ ಮೊದಲು ಆಗಬೇಕಾದ ಕೆಲಸ. ಬಿದ್ದವರನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಕೀಲಿ ಬಾಗಿಲಿಗಿರಲಿ, ಉಳ್ಳಾಗಡ್ಡಿ ಅಡುಗೆಗಿರಲಿ.